ವಾರ್ಡಿನ ಬೆಂಕಿ ನಕ್ಷೆ: ಜನ ಬದಲಾದ ಊರಿನಲ್ಲಿ ಅಗ್ನಿಶಾಮಕ ಲೆಕ್ಕ ಹಾಕುವ ಕ್ರಮ

ಒಂದು ಊರಿಗೆ ಎಷ್ಟು ಫೈರ್ ಇಂಜಿನ್ ಬೇಕು ಎಂಬುದಕ್ಕೆ ನಮ್ಮಲ್ಲಿ ಹಳೆಯದೊಂದು ಸೂತ್ರವಿದೆ. ಕೇಂದ್ರದ ಸ್ಥಾಯಿ ಅಗ್ನಿ ಸಲಹಾ ಸಮಿತಿ ಹೇಳಿದ್ದು: ಮೊದಲ 3 ಲಕ್ಷ ಜನರವರೆಗೆ ಪ್ರತಿ 50,000ಕ್ಕೆ ಒಂದು ಪಂಪು (ಅಂದರೆ ನೀರು ಚಿಮ್ಮಿಸುವ ಫೈರ್ ಇಂಜಿನ್), ಅಲ್ಲಿಂದಾಚೆ ಪ್ರತಿ ಲಕ್ಷಕ್ಕೆ ಒಂದು. 2011ರ ಜನಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯ ಬೆಂಗಳೂರಿಗೆ ಸಿಕ್ಕಿದ್ದು ಸುಮಾರು 84 ಲಕ್ಷ ಜನ. ಮೊದಲ 3 ಲಕ್ಷಕ್ಕೆ 6, ಉಳಿದ 81 ಲಕ್ಷಕ್ಕೆ 81. ಒಟ್ಟು 87 ಪಂಪು. ಅಗ್ನಿಶಾಮಕ ಠಾಣೆಗಳಿಗೆ ಇನ್ನೊಂದು ಅಳತೆ: ನಗರದಲ್ಲಿ 10 ಚದರ ಕಿ.ಮೀ.ಗೆ ಒಂದು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಆದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ವಿಸ್ತೀರ್ಣ 700 ಚದರ ಕಿ.ಮೀ. ದಾಟುತ್ತಿತ್ತು. ಅಂದರೆ 70ಕ್ಕೂ ಹೆಚ್ಚು ಠಾಣೆ.

ಈ ಲೆಕ್ಕ ತಪ್ಪಲ್ಲ, ಆದರೆ ಅರ್ಧಕ್ಕೇ ನಿಲ್ಲುತ್ತದೆ. ಇದು ತಲೆ ಎಣಿಸುತ್ತದೆ, ಅಷ್ಟೆ. ಆ ತಲೆ ಮಲ್ಲೇಶ್ವರದ ಮನೆಯಲ್ಲಿ ಒಬ್ಬಂಟಿಯಾಗಿರುವ ಎಂಬತ್ತರ ಅಜ್ಜಿಯದೋ, ಬಿಟಿಎಂ ಲೇಔಟಿನ ಪಿಜಿಯ (ಹಾಸಿಗೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ವಸತಿಯ) ಮೂರನೇ ಹಾಸಿಗೆಯವನದೋ, ಶಟರ್ ಎಳೆದ ಅಂಗಡಿಯ ಅಟ್ಟದಲ್ಲಿ ಮಲಗುವ ಹುಡುಗನದೋ ಎಂದು ಅದು ಕೇಳುವುದಿಲ್ಲ. ಬೆಂಕಿ ಬಿದ್ದಾಗ ಸಾಯುವುದೋ ಬದುಕುವುದೋ ತೀರ್ಮಾನವಾಗುವುದು ಮಾತ್ರ ಬಹುಪಾಲು ಅಲ್ಲೇ. ಹೊಸ ವಾಹನ ಎಲ್ಲಿ ನಿಲ್ಲಿಸಬೇಕು, ಯಾವ ಬೀದಿಗೆ ಮೊದಲು ಅರಿವು ಕಾರ್ಯಕ್ರಮ ಬೇಕು ಎಂಬುದಕ್ಕೆ ಈ ಉಳಿದರ್ಧ ಲೆಕ್ಕ ಬೇಕೇ ಬೇಕು.

ವಾರ್ಡ್ ಸಮಿತಿ, ಬಡಾವಣೆಯ ನಿವಾಸಿಗಳ ಸಂಘ, ಅಪಾರ್ಟ್‌ಮೆಂಟ್ ಒಕ್ಕೂಟ ಇವುಗಳಲ್ಲಿ ಯಾರು ಬೇಕಾದರೂ ಈ ಉಳಿದರ್ಧವನ್ನು ವಾರ್ಡಿನ ನಕ್ಷೆಯ ಮೇಲೆ ಗುರುತಿಸುವ ಕೆಲಸ ಮಾಡಬಹುದು. ನಾಲ್ಕೈದು ಜನ, ಒಂದೆರಡು ತಿಂಗಳ ಭಾನುವಾರಗಳು ಸಾಕು. ದೊಡ್ಡ ಹಾಳೆಯಲ್ಲಿ ಮುದ್ರಿಸಿದ ವಾರ್ಡ್ ನಕ್ಷೆ, 30 ಮೀಟರಿನ ಟೇಪು, ಟಾರ್ಚು, ಮೂರು ಬಣ್ಣದ ಪೆನ್ನು ಇರಲಿ. ಶುರು ಮಾಡುವ ಮೊದಲು ಹತ್ತಿರದ ಠಾಣೆಗೆ ಹೋಗಿ ಠಾಣಾಧಿಕಾರಿಗೆ ವಿಷಯ ತಿಳಿಸಿ. ಇಲಾಖೆಯ ಕೈಯಲ್ಲಿ ಕಟ್ಟಡಗಳ ಕಡತ ಇರುತ್ತದೆ, ಒಳಗೆ ಯಾರಿದ್ದಾರೆ ಎಂಬುದು ಬೀದಿಯವರಿಗೇ ಹೆಚ್ಚು ಗೊತ್ತು.

ಹೆಜ್ಜೆ 1: ಈಗಿನ ಜನ ಎಷ್ಟು?

2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ, ಮುಂದಿನದು 2027ರದ್ದು. ಅದರ ವಾರ್ಡುವಾರು ಅಂಕಿ ಬರುವ ತನಕ ಕೈಯಲ್ಲಿರುವುದು 2011ರ ಪಟ್ಟಿ. ಅದೂ ಈಗ ನೇರವಾಗಿ ಹೊಂದುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದ ಮೇಲೆ ವಾರ್ಡಿನ ಗಡಿಗಳೇ ಬೇರೆಯಾಗಿವೆ.

ಎಲ್ಲರೂ ಮಾಡುವ ತಪ್ಪೊಂದಿದೆ. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆ ಸುಮಾರು ಶೇ. 47ರಷ್ಟು ಬೆಳೆಯಿತಲ್ಲ, ಅದೇ ದರದಿಂದ ತಮ್ಮ ವಾರ್ಡನ್ನೂ ಗುಣಿಸಿಬಿಡುತ್ತಾರೆ. ಊರು ಒಂದೇ ಸಮ ಬೆಳೆದಿಲ್ಲ. ಹಳೇ ಪೇಟೆಯ ಭಾಗ ನಿಂತಲ್ಲೇ ನಿಂತಿದೆ, ಮಹದೇವಪುರ, ಬೊಮ್ಮನಹಳ್ಳಿ ಕಡೆ ಉಕ್ಕಿ ಹರಿದಿದೆ. ಸರಾಸರಿ ದರ ಹಾಕಿದರೆ ಎರಡೂ ಕಡೆ ಸುಳ್ಳು ಅಂಕಿ ಬರುತ್ತದೆ.

ಬದಲಿಗೆ ನಾಲ್ಕು ಕಡೆಯಿಂದ ಅಂಕಿ ತಂದು ತಾಳೆ ನೋಡಿ. ಮತದಾರರ ಪಟ್ಟಿಯಲ್ಲಿ ವಯಸ್ಸು ಅಚ್ಚಾಗಿರುತ್ತದೆ; 60 ದಾಟಿದವರು, 80 ದಾಟಿದವರು ಎಷ್ಟು ಎಂದು ಭಾಗವಾರು ಎಣಿಸಲು ಒಂದು ಮಧ್ಯಾಹ್ನ ಸಾಕು. ಆದರೆ ತೀರಿಕೊಂಡವರ ಹೆಸರು ಅದರಲ್ಲಿ ಉಳಿದಿರುತ್ತದೆ, ಹೊರಗಿಂದ ಬಂದು ಪಿಜಿಯಲ್ಲಿ ಇರುವವರ ಹೆಸರು ಇರುವುದಿಲ್ಲ, ಮಕ್ಕಳಂತೂ ಇಲ್ಲವೇ ಇಲ್ಲ. ಮಕ್ಕಳ ಲೆಕ್ಕಕ್ಕೆ ಅಂಗನವಾಡಿ ಕಾರ್ಯಕರ್ತೆಯನ್ನು, ಹಾಸಿಗೆ ಹಿಡಿದವರ ಲೆಕ್ಕಕ್ಕೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಬಾಡಿಗೆ ಮನೆಗಳಿಗೆ ಬೆಸ್ಕಾಂ ಮೀಟರ್ ನೋಡಿ: ಒಂದು 30x40 ನಿವೇಶನದ ಮೀಟರ್ ಬೋರ್ಡಿನಲ್ಲಿ ಹನ್ನೆರಡು ಮೀಟರ್ ಇದ್ದರೆ ಅಲ್ಲಿ ಹನ್ನೆರಡು ಒಲೆ ಇವೆ ಎಂದೇ ಹಿಡಿಯಿರಿ, ಆಸ್ತಿ ತೆರಿಗೆಯ ಕಾಗದ ಏನೇ ಹೇಳಲಿ. ನಾಲ್ಕನೆಯ ಮೂಲ ಕಸದ ಆಟೋದವರು. ಯಾವ ಕಟ್ಟಡದಿಂದ ದಿನಾ ಎಷ್ಟು ಬುಟ್ಟಿ ಬರುತ್ತದೆ, ಯಾವ ಮನೆಯಲ್ಲಿ ಒಬ್ಬರೇ ಇದ್ದಾರೆ, ಯಾವ ನೆಲಮಾಳಿಗೆಯಲ್ಲಿ ಹೋಟೆಲ್ ಅಡುಗೆ ನಡೆಯುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿರುವುದಿಲ್ಲ.

ಬಂದ ಅಂಕಿಯನ್ನು ಒಂದೇ ಸಂಖ್ಯೆಯಾಗಿ ಬರೆಯಬೇಡಿ. ‘14,000ದಿಂದ 17,000’ ಎಂಬಂತೆ ಕೆಳಗಿನ ಮಿತಿ, ಮೇಲಿನ ಮಿತಿ ಎರಡೂ ಇರಲಿ. ಅಧಿಕಾರಿಗಳು ಮೊದಲು ಕೆದಕುವುದು ಇಂಥ ಕಡೆಯೇ.

ಹೆಜ್ಜೆ 2: ಮೂರು ಹೊತ್ತಿನ ನಕ್ಷೆ

ಒಂದೇ ನಕ್ಷೆಯ ಮೂರು ಪ್ರತಿ ತೆಗೆಸಿ: ಬೆಳಗ್ಗೆ 11, ಸಂಜೆ 7, ರಾತ್ರಿ 2. ಆ ಹೊತ್ತಿನಲ್ಲಿ ಎಲ್ಲಿ ಜನ ತುಂಬಿರುತ್ತಾರೋ ಅಲ್ಲಿ ಬಣ್ಣ ಹಾಕಿ. ಎಲೆಕ್ಟ್ರಾನಿಕ್ ಸಿಟಿ, ಮಾನ್ಯತಾ ಟೆಕ್ ಪಾರ್ಕಿನಂಥ ಕಡೆ ಹಗಲಿನ ನಕ್ಷೆ ಕಪ್ಪಾಗುತ್ತದೆ, ರಾತ್ರಿಯದು ಖಾಲಿ. ಬೆಳ್ಳಂದೂರು, ಮಾರತ್ತಹಳ್ಳಿಯ ಪಿಜಿ ಬೀದಿಗಳಲ್ಲಿ ಅದಕ್ಕೆ ತಿರುಗುಮುರುಗು. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಸುತ್ತಲಿನ ವಠಾರಗಳಲ್ಲಿ ಹಗಲು ದುಡಿಯುವವರೆಲ್ಲ ಹೊರಗೆ, ಮನೆಯಲ್ಲಿ ಉಳಿಯುವವರು ಚಿಕ್ಕ ಮಕ್ಕಳು ಮತ್ತು ಅವರನ್ನು ನೋಡಿಕೊಳ್ಳುವ ಅಜ್ಜಿಯರು. ತಲೆಯ ಲೆಕ್ಕದಲ್ಲಿ ಅದು ಕಡಿಮೆ ಅನಿಸುತ್ತದೆ, ಅಪಾಯದ ಲೆಕ್ಕದಲ್ಲಿ ಕಡಿಮೆಯಲ್ಲ.

ರಾತ್ರಿ 2ರ ನಕ್ಷೆಗೆ ಹೆಚ್ಚು ಸಮಯ ಕೊಡಿ. ಚಿಕ್ಕಪೇಟೆ, ಬಳೇಪೇಟೆ, ಕಬ್ಬನ್‌ಪೇಟೆ, ನಗರ್ತಪೇಟೆಗಳನ್ನು ಕಾಗದದ ಮೇಲೆ ‘ವಾಣಿಜ್ಯ’ ಎಂದು ಬರೆದುಕೊಂಡು ರಾತ್ರಿ ಯಾರೂ ಇರುವುದಿಲ್ಲ ಎಂದು ಬಿಟ್ಟುಬಿಡುವುದು ದೊಡ್ಡ ತಪ್ಪು. 2018ರ ಜನವರಿಯಲ್ಲಿ ಕಲಾಸಿಪಾಳ್ಯದ ಬಾರೊಂದಕ್ಕೆ ಬೆಂಕಿ ಬಿದ್ದಾಗ ಸತ್ತ ಐವರೂ ಕೆಲಸ ಮುಗಿಸಿ ಅಲ್ಲೇ ಒಳಗೆ ಮಲಗಿದ್ದ ಸಿಬ್ಬಂದಿ. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡದಲ್ಲಿ ನಸುಕಿಗೆ ಬೆಂಕಿ ಹೊತ್ತಿದಾಗ ಕೆಳಗೆ ಪ್ಲಾಸ್ಟಿಕ್ ಸರಕಿತ್ತು, ಮೇಲೆ ಸಂಸಾರವಿತ್ತು; ಇಬ್ಬರು ಮಕ್ಕಳೂ ಸೇರಿ ಐವರು ಹೋದರು. ಎರಡೂ ಕಡೆ ಕಾರಣದ ಸರಣಿ ಒಂದೇ. ಊರಿಂದ ದುಡಿಯಲು ಬಂದವರಿಗೆ ಪೇಟೆಯ ಸುತ್ತ ಬಾಡಿಗೆ ಮನೆ ಎಟಕುವುದಿಲ್ಲ, ಮಾಲೀಕನಿಗೆ ರಾತ್ರಿ ಕಾವಲು ಬೇಕು, ಹಾಗಾಗಿ ಅಂಗಡಿಯೇ ಮಲಗುವ ಕೋಣೆ. ಇದು ಯಾವ ಪಟ್ಟಿಯಲ್ಲೂ ಇಲ್ಲದ ಜನಸಂಖ್ಯೆ.

ಇವರನ್ನು ಎಣಿಸಲು ಹಗಲು ಹೋಗಬೇಡಿ, ಯಾರೂ ಹೇಳುವುದಿಲ್ಲ. ರಾತ್ರಿ ಹತ್ತೂವರೆ ಮೇಲೆ ಬೀದಿಯಲ್ಲಿ ನಡೆಯಿರಿ. ಅರ್ಧ ಇಳಿದ ಶಟರಿನ ಕೆಳಗೆ ಚಪ್ಪಲಿ, ಮೇಲಿನ ಮಹಡಿಯ ಸರಳಿಗೆ ಒಣಹಾಕಿದ ಬಟ್ಟೆ, ಗಲ್ಲಿಯ ನಲ್ಲಿಯಲ್ಲಿ ಪಾತ್ರೆ ತೊಳೆಯುವವರು ಕಂಡರೆ ಒಳಗೆ ಮಲಗುತ್ತಾರೆ ಎಂದೇ ಗುರುತು ಹಾಕಿ. ಶಟರಿಗೆ ಹೊರಗಿನಿಂದ ಬೀಗ ಬೀಳುತ್ತದೆಯೇ ಎಂಬುದನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಹೆಸರು ಕೇಳಬೇಡಿ, ಸಂಖ್ಯೆ ಸಾಕು. ದಂಡ ಹಾಕಿಸಲು ಬಂದವರು ಎಂಬ ಸುದ್ದಿ ಹಬ್ಬಿದರೆ ಮುಂದಿನ ವಾರ ಚಪ್ಪಲಿಯೂ ಕಾಣುವುದಿಲ್ಲ.

ಹೆಜ್ಜೆ 3: ತಾವಾಗಿ ಹೊರಬರಲಾರದವರು

ಕರ್ನಾಟಕದಲ್ಲಿ 60 ದಾಟಿದವರ ಪಾಲು 2011ರಲ್ಲಿ ಶೇ. 9.5ರಷ್ಟಿತ್ತು, 2031ಕ್ಕೆ ಶೇ. 15ಕ್ಕೆ ಮುಟ್ಟುತ್ತದೆ ಎಂಬುದು ಸರ್ಕಾರಿ ಅಂದಾಜು. ಬೆಂಗಳೂರಿನಲ್ಲಿ ಈ ಹಿರಿಯರು ಒಂದೇ ಸಮ ಹರಡಿಲ್ಲ. ಮಲ್ಲೇಶ್ವರ, ಬಸವನಗುಡಿ, ಜಯನಗರ, ರಾಜಾಜಿನಗರದಂಥ ಹಳೆಯ ಬಡಾವಣೆಗಳಲ್ಲಿ ಮಕ್ಕಳು ಹೊರದೇಶಕ್ಕೋ ವೈಟ್‌ಫೀಲ್ಡಿಗೋ ಹೋಗಿ, ದೊಡ್ಡ ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ. ಕಳ್ಳರ ಭಯಕ್ಕೆ ಕಿಟಕಿಗೆ ಗ್ರಿಲ್, ಬಾಗಿಲಿಗೆ ಕಬ್ಬಿಣದ ಜಾಲರಿ, ಅದಕ್ಕೆ ಎರಡು ಬೀಗ.

ಗ್ರಿಲ್ಲಿನ ಮಾತು ಹಳೇ ಮನೆಗಷ್ಟೇ ಅಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬೇಗೂರು ಬಳಿಯ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಬಿದ್ದಾಗ ತಾಯಿ, ಮಗಳು ಬಾಲ್ಕನಿವರೆಗೆ ಬಂದರೂ ಗ್ರಿಲ್ ದಾಟಲಾಗದೆ ಅಲ್ಲೇ ಸತ್ತರು. ಗ್ರಿಲ್ ತೆಗೆಸಿ ಎಂದರೆ ಯಾರೂ ಕೇಳುವುದಿಲ್ಲ. ಪ್ರತಿ ಮಹಡಿಯಲ್ಲಿ ಒಂದು ಗ್ರಿಲ್ಲಿಗಾದರೂ ಒಳಗಿನಿಂದ ತೆರೆಯುವ ಪುಟ್ಟ ಬಾಗಿಲು ಕೂರಿಸಿ ಎಂದರೆ ಕೇಳುತ್ತಾರೆ. ತೆರೆದ ಜಾಗ ಕನಿಷ್ಠ 45 ಸೆಂ.ಮೀ. ಅಗಲ, 75 ಸೆಂ.ಮೀ. ಎತ್ತರ ಇರಬೇಕು, ಅದಕ್ಕಿಂತ ಚಿಕ್ಕದಾದರೆ ಉಸಿರಾಟದ ಉಪಕರಣ ಹೊತ್ತ ಸಿಬ್ಬಂದಿ ತೂರಲಾಗುವುದಿಲ್ಲ. ಬೀಗ ಹಾಕಲೇಬೇಕೆಂದರೆ ಕೀಲಿ ಅಲ್ಲೇ ಪಕ್ಕದ ಗೋಡೆಯ ಮೊಳೆಗೆ ತೂಗಲಿ, ಹೊರಗಿನಿಂದ ಕೈ ಹಾಕಿದರೆ ಸಿಗದಷ್ಟು ದೂರದಲ್ಲಿ. ಅಡುಗೆಮನೆಯ ಡ್ರಾಯರಿನಲ್ಲಿಟ್ಟ ಕೀಲಿ ಹೊಗೆಯಲ್ಲಿ ಸಿಗದು.

ಪಟ್ಟಿಗೆ ಸೇರಬೇಕಾದವರು: ಒಬ್ಬರೇ ಇರುವ ಹಿರಿಯರು, ಹಾಸಿಗೆ ಹಿಡಿದವರು, ಮನೆಯಲ್ಲೇ ಆಕ್ಸಿಜನ್ ಯಂತ್ರ ಬಳಸುವವರು, ಗಾಲಿಕುರ್ಚಿಯವರು, ಕಿವಿ ಕೇಳದವರು, ವೃದ್ಧಾಶ್ರಮ, ಮಕ್ಕಳನ್ನು ಬಿಡುವ ಡೇ ಕೇರ್. ಲಿಫ್ಟ್ ಇರುವ ಕಟ್ಟಡದ ಎಂಟನೇ ಮಹಡಿಯಲ್ಲಿ ಆರಾಮವಾಗಿರುವ ಮೊಣಕಾಲು ನೋವಿನವರನ್ನೂ ಸೇರಿಸಿ. ಬೆಂಕಿ ಬಿದ್ದಾಗ ಲಿಫ್ಟ್ ಬಳಸುವಂತಿಲ್ಲ. ಬ್ರಿಟನ್‌ನಲ್ಲಿ 2004ರ ಸುಮಾರಿಗೆ ದೇಶಕ್ಕೆಲ್ಲ ಒಂದೇ ಅಳತೆಯ ವಾಹನ ಕಳಿಸುವ ಹಳೆಯ ಪದ್ಧತಿ ಬಿಟ್ಟು, ಆಯಾ ಪ್ರದೇಶದ ಅಪಾಯ ನೋಡಿ ಯೋಜನೆ ಬರೆಯುವ ಕ್ರಮ ತಂದರು. ಇಂಥವರ ಮನೆಗೆ ಬೆಂಕಿಗೆ ಮೊದಲೇ ಹೋಗಿ ಬರುವುದು ಅಲ್ಲಿ ಠಾಣೆಯ ದಿನನಿತ್ಯದ ಕೆಲಸ. ನಮ್ಮಲ್ಲಿ ಅದಕ್ಕೆ ಸಿಬ್ಬಂದಿ ಸಾಲದು. ಸಂಘದವರೇ ಇಬ್ಬರು ಹೋಗಬಹುದು.

ಒಂದು ಮನೆಗೆ ಇಪ್ಪತ್ತು ನಿಮಿಷ ಸಾಕು. ಗ್ಯಾಸ್ ಟ್ಯೂಬಿನ ಮೇಲೆ ಅಚ್ಚಾದ ವರ್ಷ ನೋಡಿ. ಐದು ವರ್ಷ ದಾಟಿದ್ದರೆ ಬದಲಿಸಬೇಕು. ದೇವರ ಮನೆಯ ದೀಪದ ಮೇಲೆ ಪರದೆ, ಬಟ್ಟೆ ತೂಗುತ್ತಿದೆಯೇ? ಸೊಳ್ಳೆ ಬತ್ತಿ ಹಾಸಿಗೆಯಿಂದ ಒಂದು ಮೀಟರ್ ದೂರವಿದೆಯೇ? ಆಕ್ಸಿಜನ್ ಇರುವ ಕೋಣೆಯಲ್ಲಿ ದೀಪ, ಊದುಬತ್ತಿ ಕೂಡದು. ಫೋನು ಮಲಗುವ ತಲೆದೆಸೆಯಲ್ಲಿರಲಿ, ಒಂದು ಕೀಲಿ ನಂಬಿಕಸ್ಥ ಪಕ್ಕದ ಮನೆಯಲ್ಲಿರಲಿ. ಬ್ಯಾಟರಿಯ ಹೊಗೆ ಅಲಾರಂ ಒಂದನ್ನು ಹಾಸಿಗೆ ಕೋಣೆಯ ಹೊರಗಿನ ಚಾವಣಿಗೆ ಹಾಕಿಸಿದರೆ ಅರ್ಧ ಕೆಲಸ ಆದಂತೆ. ಅಡುಗೆಮನೆಯೊಳಗೆ ಮಾತ್ರ ಬೇಡ, ಒಗ್ಗರಣೆಗೆಲ್ಲ ಕೂಗಿ ಮೂರನೇ ದಿನ ಅದರ ಬ್ಯಾಟರಿ ಟಿವಿ ರಿಮೋಟಿಗೆ ಹೋಗಿರುತ್ತದೆ.

ಈ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಯಾವ ಮನೆಯಲ್ಲಿ ಹಿರಿಯರು ಒಬ್ಬರೇ ಇದ್ದಾರೆ, ಕೀಲಿ ಯಾರ ಬಳಿ ಇದೆ ಎಂಬುದು ಕಳ್ಳರಿಗೂ ಬೇಕಾದ ಮಾಹಿತಿ. ನಕ್ಷೆಯ ಮೇಲೆ ಬೀದಿವಾರು ಸಂಖ್ಯೆ ಮಾತ್ರ ಇರಲಿ. ಮನೆ ನಂಬರಿನ ಪಟ್ಟಿ ಒಂದೇ ಪ್ರತಿಯಲ್ಲಿ, ಮನೆಯವರ ಒಪ್ಪಿಗೆ ಪಡೆದು, ಠಾಣೆಯ ಕೈಗೆ.

ಹೆಜ್ಜೆ 4: ಮನೆಯೊಳಗೆ ಸೇರಿದ ಹೊಸ ಉರುವಲು

ಜೀವನ ಬದಲಾದಂತೆ ಉರಿಯುವ ವಸ್ತುವೂ ಬದಲಾಗಿದೆ. ಮರದ ಬೆಂಚು, ಹತ್ತಿ ಹಾಸಿಗೆ ಇದ್ದ ಕೋಣೆ ಪೂರ್ತಿ ಹೊತ್ತಿಕೊಳ್ಳಲು ಹಿಡಿಯುತ್ತಿದ್ದ ಸಮಯಕ್ಕೂ, ಫೋಮ್ ಸೋಫಾ, ಪ್ಲೈವುಡ್ ವಾರ್ಡ್‌ರೋಬ್, ಪಾಲಿಯೆಸ್ಟರ್ ಪರದೆ ಇರುವ ಕೋಣೆಗೂ ಅಜಗಜಾಂತರ. ಈಗಿನ ಕೋಣೆ ಐದು ನಿಮಿಷದೊಳಗೇ ಪೂರ್ತಿ ಉರಿಯುವ ಹಂತ ಮುಟ್ಟಬಹುದು. ಅದಕ್ಕೂ ಮೊದಲು ಹೊಗೆ ಕೆಲಸ ಮುಗಿಸಿರುತ್ತದೆ.

ಪಿಜಿಯೊಂದನ್ನು ಹತ್ತಿರದಿಂದ ನೋಡಿ. 30x40 ನಿವೇಶನ, ಕೆಳಗೆ ವಾಹನ ನಿಲ್ಲುವ ಜಾಗ, ಮೇಲೆ ನಾಲ್ಕು ಮಹಡಿ, ಒಂದೇ ಮೆಟ್ಟಿಲು. ಮೆಟ್ಟಿಲು ಶುರುವಾಗುವ ಜಾಗದಲ್ಲೇ ಮೀಟರ್ ಬೋರ್ಡು. ಅದರ ಕೆಳಗೆ ಸ್ಕೂಟರುಗಳು, ಅವುಗಳಲ್ಲಿ ಎರಡೋ ಮೂರೋ ಎಲೆಕ್ಟ್ರಿಕ್, ಕಾವಲುಗಾರನ ಕೋಣೆಯಿಂದ ಎಳೆದ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ರಾತ್ರಿಯಿಡೀ ಚಾರ್ಜಿಂಗ್. ಅಲ್ಲಿ ಬೆಂಕಿ ಹೊತ್ತಿದರೆ ಹೊಗೆ ಹೋಗುವ ದಾರಿ ಮತ್ತು ಜನ ಇಳಿಯುವ ದಾರಿ ಒಂದೇ ಮೆಟ್ಟಿಲು. ಟೆರೇಸಿನ ಬಾಗಿಲಿಗೆ ಬೀಗ ಬಿದ್ದಿದ್ದರೆ ಮೇಲಕ್ಕೂ ಇಲ್ಲ. 2010ರ ಫೆಬ್ರುವರಿಯಲ್ಲಿ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತಾಗಲೂ ಕೊಂದದ್ದು ವಿದ್ಯುತ್ ಕೇಬಲ್ಲಿನ ಕೊಳವೆಯ ಮೂಲಕ ಮೇಲೇರಿದ ಹೊಗೆಯೇ. ಹಲವರು ತಾಳಲಾರದೆ ಮೇಲಿನಿಂದ ಹಾರಿದ್ದರು.

ಪಿಜಿಯಲ್ಲಿ ಎಷ್ಟು ಜನ ಇರಬಹುದು ಎಂಬುದಕ್ಕೆ ಒಂದು ಮಾಪನ ಇದೆ. 2024ರಲ್ಲಿ ಪಾಲಿಕೆ ಹಾಕಿದ ಷರತ್ತಿನ ಪ್ರಕಾರ ಒಬ್ಬರಿಗೆ ಕನಿಷ್ಠ 70 ಚದರಡಿ. ಮಹಡಿಗೆ 900 ಚದರಡಿಯಂತೆ ನಾಲ್ಕು ಮಹಡಿ ಎಂದರೆ 3,600; ಎಪ್ಪತ್ತರಿಂದ ಭಾಗಿಸಿದರೆ 51 ಜನ. ಮೆಟ್ಟಿಲು, ಊಟದ ಕೋಣೆ ಕಳೆದರೆ ಇನ್ನೂ ಕಡಿಮೆ. ಅಲ್ಲಿ 80 ಹಾಸಿಗೆ ಇದ್ದರೆ ನಕ್ಷೆಯಲ್ಲಿ ಕೆಂಪು. ಇಂಥ ನಾಲ್ಕೈದು ಮಹಡಿಯ ಕಟ್ಟಡಗಳೇ ಹೆಚ್ಚು ಕಷ್ಟ: ಗಗನಚುಂಬಿಗಳ ಮೇಲೆ ಅಗ್ನಿಶಾಮಕ ಇಲಾಖೆಯ ಎನ್‌ಒಸಿಯ (ನಿರಾಕ್ಷೇಪಣಾ ಪತ್ರದ) ಕಣ್ಣಾದರೂ ಇರುತ್ತದೆ, ಇವು ಎತ್ತರದ ಮಿತಿಗಿಂತ ಒಂದು ಗೇಣು ಕೆಳಗೆ ನಿಂತಿರುತ್ತವೆ.

ಬ್ಯಾಟರಿಯ ಬೆಂಕಿ ಬೇರೆ ಜಾತಿಯದು. ಲಿಥಿಯಂ ಸೆಲ್ ಒಂದು ಕಾದರೆ ಪಕ್ಕದ್ದನ್ನು ಕಾಯಿಸುತ್ತದೆ. ಆರಿತು ಅನ್ನಿಸಿ ಅರ್ಧ ಗಂಟೆಯ ಮೇಲೆ ಮತ್ತೆ ಹೊತ್ತುತ್ತದೆ. ಬೆಂಕಿ ಆರಿಸುವ ಪುಡಿ ತುಂಬಿದ ಸಣ್ಣ ಸಿಲಿಂಡರ್ ಜ್ವಾಲೆಯನ್ನು ಅಡಗಿಸೀತು, ಒಳಗಿನ ಕಾವನ್ನಲ್ಲ. ತಣಿಸಲು ಬಹಳ ನೀರು ಬೇಕು. 2024ರ ನವೆಂಬರ್‌ನಲ್ಲಿ ರಾಜಾಜಿನಗರದ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯ ಬೆಂಕಿಯಲ್ಲಿ ಅಲ್ಲಿ ಕೆಲಸಕ್ಕಿದ್ದ ಯುವತಿ ಸತ್ತದ್ದು ನೆನಪಿರಬಹುದು. ಡೆಲಿವರಿ ಕೆಲಸದವರು ಹೆಚ್ಚಿರುವ ಬೀದಿಗಳಲ್ಲಿ ಚಾರ್ಜಿಂಗ್ ಎಲ್ಲಿ ನಡೆಯುತ್ತದೆ ಎಂದು ಪ್ರತ್ಯೇಕವಾಗಿ ಗುರುತಿಸಿ. ಮೆಟ್ಟಿಲ ಬುಡದಿಂದ ಕಾಂಪೌಂಡ್ ಗೋಡೆಯ ಬದಿಗೆ ಒಂದು ಪಾಯಿಂಟ್ ಸ್ಥಳಾಂತರಿಸಲು ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ. ನಕ್ಷೆಯಿಂದ ಸಿಗುವ ಪರಿಹಾರಗಳಲ್ಲಿ ಇಷ್ಟು ಅಗ್ಗದ್ದು ಇನ್ನೊಂದಿಲ್ಲ.

ಮನೆಗೇ ಊಟ ತರಿಸುವ ರೂಢಿ ಬಂದ ಮೇಲೆ ವಸತಿ ಬೀದಿಯ ನೆಲಮಾಳಿಗೆಗಳಲ್ಲಿ ಅಡುಗೆ ಘಟಕಗಳು ಬಂದಿವೆ. ಅಲ್ಲಿ 19 ಕೆ.ಜಿ.ಯ ಸಿಲಿಂಡರ್ ಎಣಿಸಿ, ಖಾಲಿ ಎಂದು ಹೇಳಿದ್ದನ್ನೂ ಸೇರಿಸಿ. ಪರವಾನಗಿ ಇಲ್ಲದೆ ಇಡಬಹುದಾದ ಎಲ್‌ಪಿಜಿ 100 ಕೆ.ಜಿ.; ಐದಾದರೆ 95, ಆರನೆಯದಕ್ಕೆ ಮಿತಿ ದಾಟಿತು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಾಳಿಗೆಯಲ್ಲೇ ತಂಗುತ್ತದೆ. ಅದಕ್ಕೇ ನೆಲಮಾಳಿಗೆಯಲ್ಲಿ ಒಂದು ಸಿಲಿಂಡರ್ ಕಂಡರೂ ಬರೆದುಕೊಳ್ಳಿ.

ಹೆಜ್ಜೆ 5: ಟೇಪು ಹಿಡಿದು ನಡೆಯಿರಿ

ಜಲವಾಹನದ (ನೀರು ತುಂಬಿಕೊಂಡು ಬರುವ ಫೈರ್ ಇಂಜಿನ್‌ನ) ಅಗಲ ಸುಮಾರು ಎರಡೂವರೆ ಮೀಟರ್. ಕನ್ನಡಿ, ಬಾಗಿಲು ತೆರೆದು ಹೋಸ್ ಎಳೆಯುವ ಜಾಗ ಸೇರಿಸಿದರೆ 3.5 ಮೀಟರಿಗಿಂತ ಕಡಿಮೆ ಇರುವ ಗಲ್ಲಿಯನ್ನು ‘ವಾಹನ ಹೋಗದು’ ಎಂದೇ ಬರೆಯಬೇಕು. ಅಳೆಯುವುದು ರಾತ್ರಿ ಹತ್ತರ ಮೇಲೆ, ಕಾರುಗಳೆಲ್ಲ ಮನೆ ಸೇರಿದ ಹೊತ್ತಿನಲ್ಲಿ. 30 ಅಡಿ ರಸ್ತೆ ಎಂದರೆ 9 ಮೀಟರ್. ಎರಡೂ ಬದಿ ಕಾರು ನಿಂತರೆ ಉಳಿಯುವುದು ಐದು, ತಿರುವಿನಲ್ಲಿ ಒಂದು ಕಾರು ವಾರೆಯಾಗಿ ನಿಂತಿದ್ದರೆ ಮೂರು. ಮನೆಗೊಂದು ವಾಹನ ಇದ್ದದ್ದು ಎರಡು ಮೂರಾದದ್ದೂ ಸಾಮಾಜಿಕ ಬದಲಾವಣೆಯೇ, ಇದರ ಪರಿಣಾಮ ಮಾತ್ರ ಟೇಪಿನಲ್ಲಿ ಅಳೆದರೆ ಸಿಗುತ್ತದೆ.

ಅಪಾರ್ಟ್‌ಮೆಂಟಿನ ಗೇಟು ಕನಿಷ್ಠ 4.5 ಮೀಟರ್ ಅಗಲ, ಮೇಲೆ ಕಮಾನಿದ್ದರೆ 5 ಮೀಟರ್ ಎತ್ತರ ಇರಲಿ. ಬಡಾವಣೆಯ ಹೆಬ್ಬಾಗಿಲಿನ ಅಂದದ ಕಮಾನು, ಜೋತುಬಿದ್ದ ಇಂಟರ್ನೆಟ್ ಕೇಬಲ್ಲು, ರಾತ್ರಿ ಎಳೆಯುವ ಸರಪಳಿ, ಇವೆಲ್ಲವೂ ನಕ್ಷೆಗೆ. ಉದ್ದ ಏಣಿಯ ವಾಹನ ಬೇಕಾಗುವ ಕಟ್ಟಡವಾದರೆ ನೆಲದ ಬಲವನ್ನೂ ಕೇಳಿ: ರಾಷ್ಟ್ರೀಯ ಕಟ್ಟಡ ಸಂಹಿತೆ 45 ಟನ್ ತೂಕ ತಾಳಬೇಕು ಎನ್ನುತ್ತದೆ, ನೆಲಮಾಳಿಗೆಯ ಚಾವಣಿಯ ಮೇಲೆ ಹಾಸಿದ ಟೈಲ್ಸ್ ಅದಕ್ಕೆ ತಕ್ಕಂತೆ ಕಟ್ಟಿದ್ದೋ ಇಲ್ಲವೋ ಬಿಲ್ಡರ್ ಬರೆದು ಕೊಡಬೇಕು. 2022ರ ಡಿಸೆಂಬರ್‌ನಲ್ಲಿ ಇಲಾಖೆಗೆ 90 ಮೀಟರಿನ ಏಣಿ ಬಂತು, ಸರಿ. ಅದು ಗೇಟಿನ ಹೊರಗೆ ನಿಂತರೆ ಒಂದನೇ ಮಹಡಿಗೂ ಉಪಯೋಗವಿಲ್ಲ.

ಹೆಜ್ಜೆ 6: ನೀರಿನ ಲೆಕ್ಕ

ಸಾಮಾನ್ಯ ಜಲವಾಹನದಲ್ಲಿ 4,500 ಲೀಟರ್ ನೀರಿರುತ್ತದೆ. ಒಂದು ಹೋಸ್ ಲೈನಿನಲ್ಲಿ ನಿಮಿಷಕ್ಕೆ ಸುಮಾರು 450 ಲೀಟರ್ ಹೋದರೆ ಹತ್ತು ನಿಮಿಷ. ಎರಡು ಲೈನ್ ತೆರೆದರೆ ಐದು. ಅಷ್ಟರಲ್ಲಿ ಎರಡನೇ ವಾಹನ ಬರಬೇಕು, ಇಲ್ಲವೇ ಪಕ್ಕದಲ್ಲೇ ನೀರು ಸಿಗಬೇಕು. ಬೀದಿ ಬದಿಯ ಹೈಡ್ರಂಟ್ ನೆಚ್ಚಿಕೊಂಡು ಯೋಜನೆ ಮಾಡಬೇಡಿ. ಕಣ್ಣಾರೆ ಕಂಡ ನೀರನ್ನು ಮಾತ್ರ ಬರೆಯಿರಿ: ಅಪಾರ್ಟ್‌ಮೆಂಟಿನ ಸಂಪು, ಎಸ್‌ಟಿಪಿಯ (ಕೊಳಚೆ ನೀರಿನ ಘಟಕದ) ಶುದ್ಧೀಕರಿಸಿದ ನೀರಿನ ತೊಟ್ಟಿ, ಕಲ್ಯಾಣಿ, ಕೆರೆಯ ಏರಿ, ಟ್ಯಾಂಕರ್ ತುಂಬಿಸುವ ಕೊಳವೆಬಾವಿ. ಪ್ರತಿಯೊಂದಕ್ಕೂ ಎಷ್ಟು ಲೀಟರ್, ವಾಹನ ಎಷ್ಟು ಹತ್ತಿರ ಬರಬಲ್ಲದು, ರಾತ್ರಿ ಕೀಲಿ ಯಾರಲ್ಲಿ. ಪಂಪು ನೀರನ್ನು ಹೀರುವ ಆಳಕ್ಕೆ ಮಿತಿಯಿದೆ. ಏಳು ಮೀಟರಿಗಿಂತ ಕೆಳಗಿನ ನೀರು ಇದ್ದರೂ ಇಲ್ಲದಂತೆ. ಬೇಸಿಗೆಯಲ್ಲಿ ಮತ್ತೊಮ್ಮೆ ಹೋಗಿ ನೋಡಿ. ಡಿಸೆಂಬರಿನಲ್ಲಿ ತುಂಬಿದ್ದ ಸಂಪು ಏಪ್ರಿಲ್‌ನಲ್ಲಿ ಟ್ಯಾಂಕರ್ ಕಾಯುತ್ತಿರುತ್ತದೆ.

ಹೆಜ್ಜೆ 7: ನಿಮಿಷಗಳನ್ನು ಬಿಡಿಸಿ

ಠಾಣೆಯಿಂದ ಕೈವಾರ ಇಟ್ಟು 3 ಕಿ.ಮೀ.ಯ ವೃತ್ತ ಎಳೆಯುವುದು ಕಾಗದದ ಆಟ. ಆ ವೃತ್ತ ಬೆಳ್ಳಂದೂರು ಕೆರೆಯ ಮೇಲೂ, ರೈಲು ಹಳಿಯ ಮೇಲೂ, ಹೊರವರ್ತುಲ ರಸ್ತೆಯ ಡಿವೈಡರ್ ಮೇಲೂ ಹಾದುಹೋಗುತ್ತದೆ. ಯು-ತಿರುವು ಒಂದೂವರೆ ಕಿ.ಮೀ. ಆಚೆ ಇದ್ದರೆ ಹೋಗಿ ಬರಲು ಮೂರು ಕೂಡಿಸಿ. ಬೇರೆ ಬೇರೆ ಹೊತ್ತಿನಲ್ಲಿ ಠಾಣೆಯಿಂದ ನಕ್ಷೆಯಲ್ಲಿ ಕೆಂಪು ಗುರುತು ಬಿದ್ದ ಬೀದಿಗೆ ಕಾರಿನಲ್ಲಿ ಹೋಗಿ ಸಮಯ ಬರೆಯಿರಿ. 5 ಕಿ.ಮೀ. ದೂರಕ್ಕೆ ಗಂಟೆಗೆ 15 ಕಿ.ಮೀ. ವೇಗವಾದರೆ 20 ನಿಮಿಷ, ರಾತ್ರಿ 40ರ ವೇಗವಾದರೆ ಏಳೂವರೆ.

ಪ್ರಯಾಣ ಒಂದೇ ಅಲ್ಲ, ಕರೆಯೂ ಸಮಯ ತಿನ್ನುತ್ತದೆ. 2011ರ ಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಶೇ. 44ರಷ್ಟು ಜನರ ಮಾತೃಭಾಷೆ ಕನ್ನಡ. ಊರಿಗೆ ಬಂದು ಆರು ತಿಂಗಳಾದ ಹುಡುಗ 112ಕ್ಕೆ ಫೋನು ಮಾಡಿ ಮ್ಯಾಪ್ ಆ್ಯಪಿನಲ್ಲಿ ನೋಡಿದ ಪಿಜಿಯ ಹೆಸರು ಹೇಳುತ್ತಾನೆ. ಠಾಣೆಯ ಚಾಲಕನಿಗೆ ಗೊತ್ತಿರುವುದು ‘ಮುನೇಶ್ವರ ಗುಡಿ ಹಿಂದಿನ ಎರಡನೇ ಕ್ರಾಸ್’. ಈ ಎರಡನ್ನೂ ಜೋಡಿಸಿ ಕೊಡುವುದು ನಕ್ಷೆ ಮಾಡುವವರ ಕೆಲಸ. ಪ್ರತಿ ಪಿಜಿ, ಶೆಡ್ಡು, ವಠಾರದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ 112, 101, ಕಟ್ಟಡದ ನಂಬರು, ಕ್ರಾಸು, ಹತ್ತಿರದ ಗುರುತು ಇರಲಿ. ಕನ್ನಡದಲ್ಲಿ, ಜೊತೆಗೆ ಅಲ್ಲಿರುವವರು ಓದುವ ಭಾಷೆಯಲ್ಲಿ. ವರ್ತೂರು, ತೂಬರಹಳ್ಳಿ ಕಡೆಯ ನೀಲಿ ಶೀಟಿನ ಶೆಡ್ಡುಗಳಿಗೆ ವಿಳಾಸವೇ ಇರುವುದಿಲ್ಲ. ಹತ್ತಿರದ ವಿದ್ಯುತ್ ಕಂಬದ ಸಂಖ್ಯೆಯನ್ನೇ ವಿಳಾಸವಾಗಿ ಬರೆಸಿ.

ಬೆಂಕಿಯಲ್ಲದ ಕರೆಗಳು

ಠಾಣೆಗೆ ಬರುವುದು ಬೆಂಕಿಯ ಕರೆ ಮಾತ್ರವಲ್ಲ. 2022ರ ಸೆಪ್ಟೆಂಬರ್ ಮಳೆಗೆ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ದೋಣಿ, ಟ್ರ್ಯಾಕ್ಟರ್ ಇಳಿದವು. 2024ರ ಅಕ್ಟೋಬರ್‌ನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಕಾರ್ಮಿಕರು ಅಡಿಯಲ್ಲಿ ಸಿಕ್ಕಿಕೊಂಡರು. ರಾಜಕಾಲುವೆ ಬದಿಯ ತಗ್ಗು ಮನೆ, ಕಟ್ಟಡದಲ್ಲೇ ಕಾರ್ಮಿಕರು ಮಲಗುವ ಜಾಗ, ಕೆಟ್ಟು ನಿಲ್ಲುವ ಹಳೇ ಲಿಫ್ಟು ಇವನ್ನು ಅದೇ ನಕ್ಷೆಯಲ್ಲಿ ಬೇರೆ ಚಿಹ್ನೆಯಿಂದ ತೋರಿಸಿದರೆ ಸಾಕು.

ಹೆಜ್ಜೆ 8: ಅಂಕ ಹಾಕಿ, ಸರಿಯಾದದ್ದನ್ನು ಕೇಳಿ

ಐದಾರು ಬೀದಿಯ ಒಂದೊಂದು ತುಂಡಿಗೆ ನಾಲ್ಕು ಪ್ರಶ್ನೆ ಕೇಳಿ, ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಿ, ಅಪಾಯ ಹೆಚ್ಚಿದಷ್ಟೂ ಅಂಕ ಹೆಚ್ಚು: ತಾವಾಗಿ ಹೊರಬರಲಾರದವರು ಎಷ್ಟು, ಸರಕಿನ ಮೇಲೆ ಅಥವಾ ಒಂದೇ ಮೆಟ್ಟಿಲಿನ ಕಿಕ್ಕಿರಿದ ಕಟ್ಟಡದಲ್ಲಿ ಮಲಗುವವರು ಎಷ್ಟು, ವಾಹನ ಎಷ್ಟು ಹತ್ತಿರ ಹೋಗುತ್ತದೆ, ಬರಲು ಎಷ್ಟು ನಿಮಿಷ. ಅಂಕಗಳನ್ನು ಕೂಡಿಸಿ ಸಾಲಾಗಿ ಜೋಡಿಸಬಹುದು, ಆದರೆ ಮೊತ್ತ ಮೋಸ ಮಾಡುತ್ತದೆ. ಅಗಲ ರಸ್ತೆ, ಹತ್ತಿರದ ಠಾಣೆ ಇದ್ದು ವೃದ್ಧಾಶ್ರಮವಿರುವ ಬೀದಿಗೆ ಒಟ್ಟು ಅಂಕ ಕಡಿಮೆ ಬರುತ್ತದೆ. ಆದ್ದರಿಂದ ಮೊದಲೆರಡು ಪ್ರಶ್ನೆಯಲ್ಲಿ ಯಾವುದಕ್ಕೆ ಮೂರು ಬಂದರೂ ಆ ತುಂಡು ಮೊತ್ತ ನೋಡದೆ ಕೆಂಪು.

ಆಮೇಲೆ ಕೇಳುವ ಮಾತು. ಎಲ್ಲ ಮನವಿಗಳೂ ‘ನಮಗೊಂದು ಠಾಣೆ ಕೊಡಿ’ ಎಂದೇ ಶುರುವಾಗುತ್ತವೆ, ಅಲ್ಲೇ ಮುಗಿಯುತ್ತವೆ. ಠಾಣೆಗೆ ಜಾಗ ಬೇಕು. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆಯಾದರೆ ಖಾಲಿ ಸಿಎ ನಿವೇಶನದ (ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗದ) ನಂಬರನ್ನು ನೀವೇ ಹುಡುಕಿ ಮನವಿಗೆ ಸೇರಿಸಿ, ಆಗ ಕಡತ ಒಂದು ಮೇಜಾದರೂ ಮುಂದೆ ಹೋಗುತ್ತದೆ. ಗಲ್ಲಿಗಳ ಸಮಸ್ಯೆಗೆ ಠಾಣೆ ಔಷಧವಲ್ಲ: ಅಲ್ಲಿಗೆ ಬೇಕಾದ್ದು ನೀರು ಸಿಂಪಡಿಸುವ ಬೈಕು, ಚಿಕ್ಕ ವಾಹನ, ಇಲ್ಲವೇ ದೂರದಲ್ಲಿ ನಿಂತ ವಾಹನದಿಂದ ನೀರು ಒಯ್ಯಲು ಹೆಚ್ಚುವರಿ ಹೋಸ್. ವಾಹನ ನಿಂತ ಜಾಗದಿಂದ ಒಳಗಿನ ಕೊನೆಯ ಮನೆಗೆ 150 ಮೀಟರ್ ಎಂದರೆ 30 ಮೀಟರಿನ ಐದು ಹೋಸ್, ಮೆಟ್ಟಿಲೇರಲು ಇನ್ನೊಂದು. ಇದನ್ನು ಅಂಕಿಯಲ್ಲೇ ಬರೆಯಿರಿ. ಸಂಜೆಯ ವಾಹನ ದಟ್ಟಣೆ ಸಮಸ್ಯೆಯಾದರೆ ಕೇಳಬೇಕಾದ್ದು ಆ ಹೊತ್ತಿಗೆ ಒಂದು ವಾಹನವನ್ನು ಬೇರೆ ಕಡೆ ತಂದು ನಿಲ್ಲಿಸುವ ವ್ಯವಸ್ಥೆ. ಹಿರಿಯರ ಬೀದಿಗೆ ಮನೆಭೇಟಿ. ಪಾರ್ಕಿಂಗ್ ವಿಷಯ ಸಂಚಾರ ಪೊಲೀಸರಿಗೆ, ಜೋತುಬಿದ್ದ ತಂತಿ ಬೆಸ್ಕಾಂ ಮತ್ತು ಪಾಲಿಕೆಗೆ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಎಲ್ಲರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಮನವಿ ಎರಡು ಪುಟ ದಾಟದಿರಲಿ, ಮೂರು ಹೊತ್ತಿನ ನಕ್ಷೆ ಲಗತ್ತಿಸಿ. ಠಾಣೆಯ ಕರೆ ದಾಖಲೆಯ ಅಂಕಿ ಬೇಕಿದ್ದರೆ ಮಾಹಿತಿ ಹಕ್ಕಿನಡಿ ಬೀದಿ, ದಿನಾಂಕ, ಹೊರಟ ಸಮಯ, ಮುಟ್ಟಿದ ಸಮಯ ಇಷ್ಟನ್ನೇ ಕೇಳಿ. ‘ಎಲ್ಲ ಮಾಹಿತಿ’ ಎಂದು ಕೇಳಿದರೆ ಏನೂ ಬರುವುದಿಲ್ಲ. ಪಾಲಿಕೆಯ ಬಜೆಟ್ ತಯಾರಾಗುವ ಮೊದಲು, ಡಿಸೆಂಬರ್ ಒಳಗೆ ಕೊಟ್ಟರೆ ಒಳ್ಳೆಯದು.

ನಕ್ಷೆಯನ್ನು ವರ್ಷಕ್ಕೊಮ್ಮೆ ತಿದ್ದಬೇಕು, ಕಾಲೇಜು ಸೇರ್ಪಡೆ ಮುಗಿದು ಪಿಜಿಗಳು ತುಂಬಿದ ಮೇಲೆ. ನಡುವೆ ಮೆಟ್ರೊ ನಿಲ್ದಾಣ ತೆರೆದರೆ ಕಾಯಬೇಡಿ: ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಓಡತೊಡಗಿದ ಮೇಲೆ ಅದರ ನಿಲ್ದಾಣಗಳ ಸುತ್ತ ಯಾವ ಮನೆ ಪಿಜಿಯಾಗಿದೆ ಎಂಬುದು ಬೊಮ್ಮನಹಳ್ಳಿ ಕಡೆಯವರು ಆಗಲೇ ಎಣಿಸಬೇಕಿದ್ದ ಲೆಕ್ಕ. ಹಳೆಯ ಪ್ರತಿಯ ಮೇಲೆ ದಿನಾಂಕ ಬರೆದು ಎತ್ತಿಡಿ. ಸಿಎ ನಿವೇಶನದ ಕಡತ ಮೂರು ವರ್ಷದ ಮೇಲೆ ತೆರೆದಾಗ ‘ಅಷ್ಟೇನು ಜನ ಹೆಚ್ಚಾಗಿದ್ದಾರೆ?’ ಎಂಬ ಪ್ರಶ್ನೆಗೆ ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಬಹುದು.